ಕಂಬಗಲ್ಲು ಗವಿಯ ಅಮಾವಾಸ್ಯೆ

ಫೆಬ್ರವರಿ ಒಂಬತ್ತು, ಸೋಮವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಲ್ಲಸಮುದ್ರದ ರೈತ ಮುದಕಪ್ಪ ಬೆಟಗೇರಿ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಶೈಲಾಳ ಮೇಜಿನ ಮೇಲೆ ಒಂದು ಸೀರೆ ಇಟ್ಟ. ಹಸಿರು ಹತ್ತಿ ಸೀರೆ, ಕೆಂಪು ಅಂಚು. ಯಾರೋ ಉಟ್ಟು ಬಿಚ್ಚಿದ್ದು. ನೆರಿಗೆಗೆ ಹಾಕಿದ್ದ ಪಿನ್ನು ಇನ್ನೂ ಅದರಲ್ಲೇ ಇತ್ತು.

"ನನ್ನ ಮಗಳು ಶಿವರಂಜನಿದ್ರಿ ಯವ್ವಾ. ಸಮುದ್ರದಾಗ ಮುಳುಗಿ ಸತ್ಲು. ಸಾಯೋ ದಿನ ಉಟ್ಟಿದ್ದು ಇದ ಸೀರಿ."

"ದೂರು ಏನೈತ್ರಿ ಹಿರ್‍ಯಾರ?"

"ಮುಟ್ಟಿ ನೋಡ್ರಿ. ಇದು ನೀರ ಕಂಡಿಲ್ಲ."

ಶೈಲಾ ಮುಟ್ಟಿ ನೋಡಿದಳು. ಗಂಜಿಯ ಬಿಗಿ ಹಾಗೆಯೇ ಇತ್ತು. ಉಪ್ಪಿನ ಕಲೆ ಎಲ್ಲಿಯೂ ಇಲ್ಲ. ಕುಳಿತುಕೊಳ್ಳಲು ಹೇಳಿ, ಹೆಡ್ ಕಾನ್‌ಸ್ಟೇಬಲ್ ಹುಲಿಗೇಶನನ್ನು ಕರೆದು ಹೇಳಿಕೆ ಬರೆದುಕೊಳ್ಳಲು ಸೂಚಿಸಿದಳು.

ಮುದಕಪ್ಪ ಹೇಳಿದ್ದಿಷ್ಟು. ಶಿವರಂಜನಿಯ ಗಂಡ ವೀರೇಶನದು ಬೆಟಗೇರಿಯಲ್ಲಿ ಸೀರೆ ಅಂಗಡಿ. ಜನವರಿ ಹದಿನೆಂಟರ ಭಾನುವಾರ ಓಣಿಯ ಹತ್ತು ಹನ್ನೆರಡು ಜನರನ್ನು ಕೂಡಿಸಿ, ಟೆಂಪೊ ಗೊತ್ತು ಮಾಡಿ, ಕರಾವಳಿಗೆ ಪ್ರವಾಸ ಕರೆದೊಯ್ದಿದ್ದ. ಅಲ್ಲಿ ದಡದಿಂದ ದೋಣಿಯಲ್ಲಿ ಹೋದರೆ ಕಂಬಗಲ್ಲು ಎಂಬ ನಡುಗಡ್ಡೆ. ಯಾವುದೋ ಕಾಲದಲ್ಲಿ ಜ್ವಾಲಾಮುಖಿ ಉಗುಳಿದ ಬೆಂಕಿಯ ರಸ ಆರಿ, ಕಂಬ ಕಂಬವಾಗಿ ಸೀಳಿ ನಿಂತ ಕರಿಕಲ್ಲಿನ ದ್ವೀಪ. ಅದರ ಹಿಂಬದಿಗೆ ಸಮುದ್ರವೇ ಕೊರೆದ ಗವಿ, ಗವಿಯೊಳಗೆ ಉಪ್ಪುನೀರಿನ ಹೊಂಡ. ಆ ಹೊಂಡದಲ್ಲಿ ಶಿವರಂಜನಿಯ ಹೆಣ ಸಿಕ್ಕಿತು. ಬಂಡೆಯ ಮೇಲೆ ಫೋಟೊ ತೆಗೆದುಕೊಳ್ಳುವಾಗ ಕಾಲು ಜಾರಿ ಬಿದ್ದಳು, ಅಲೆ ಅವಳನ್ನು ಗವಿಯೊಳಗೆ ಎಳೆಯಿತು, ಉಟ್ಟ ಸೀರೆಯನ್ನೂ ಸೆಳೆದುಕೊಂಡು ಹೋಯಿತು ಎಂದು ವೀರೇಶ ಅಲ್ಲಿಯ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ. ಅಸಹಜ ಸಾವು ಎಂದು ಪ್ರಕರಣ ದಾಖಲಾಗಿತ್ತು.

"ಸಮುದ್ರ ಒಯ್ದ ಸೀರಿ ನಿಮ್ಮ ಕೈಯಾಗ ಹೆಂಗ ಬಂತು?"

"ಬೀಗತಿ ಕಸ್ತೂರೆವ್ವ ನಿನ್ನೆ ಒಂದು ಚೀಲ ಕಳಿಸಿದ್ಲು. ಮಗಳ ಅರಿವಿ-ಅಂಚಡಿ, ಹಾಸಿಗಿ, ಬಾಚಣಕಿ ಸುದ್ದಾ ತುಂಬಿ. ಇವನ್ನ ಮನ್ಯಾಗ ಇಟ್ಕೊಳ್ಳಂಗಿಲ್ಲ, ಸುಟ್ಟು ಬಿಡ್ರಿ ಅಂತ ಹೇಳಿ ಕಳಿಸ್ಯಾಳ. ಸುಡಾಕ ಮನಸ್ಸ ಬರಲಿಲ್ರಿ. ಬಿಚ್ಚಿ ನೋಡಿದ್ನಿ."

"ಇದ ಸೀರಿ ಅಂತ ಗುರುತೇನು?"

ಮುದಕಪ್ಪ ಮೊಬೈಲ್ ತೆಗೆದು ತೋರಿಸಿದ. ಆ ದಿನ ದೋಣಿ ಹತ್ತುವ ಮುಂಚೆ ಮಗಳು ಕಳಿಸಿದ್ದ ಫೋಟೊ. ಹಸಿರು ಸೀರೆ, ಕೆಂಪು ಅಂಚು, ನೆರಿಗೆಯಲ್ಲಿ ಅದೇ ಪಿನ್ನು. ಮೊಣಕೈವರೆಗೆ ಮದರಂಗಿ ಹಚ್ಚಿಕೊಂಡಿದ್ದ ಆಕೆ ಸಣ್ಣ ಹುಡುಗಿಯಂತೆ ನಗುತ್ತಿದ್ದಳು.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿ ಸೀರೆಯನ್ನು ಜಪ್ತು ಮಾಡಲಾಯಿತು. ಘಟನೆ ನಡೆದ ಜಾಗ ಬೇರೆ ಜಿಲ್ಲೆಯದಾದ್ದರಿಂದ ಶೈಲಾ ಜೀರೊ ಎಫ್‌ಐಆರ್ ದಾಖಲಿಸಿ ಕರಾವಳಿಯ ಠಾಣೆಗೆ ಕಳಿಸಿದಳು. ಆರೋಪಿತನೂ ಸಾಕ್ಷಿಗಳೂ ಬೆಟಗೇರಿಯವರೇ ಆಗಿದ್ದರಿಂದ ಎರಡೂ ಠಾಣೆಯವರು ಕೂಡಿ ತನಿಖೆ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು.

ಮರಣೋತ್ತರ ಪರೀಕ್ಷೆಯ ವರದಿ ಬಂದದ್ದು ಮರುದಿನ. ಸಾವಿಗೆ ಕಾರಣ ನೀರಿನಲ್ಲಿ ಮುಳುಗಿದ್ದು. ಎರಡೂ ಕೈಗಳ ಉಗುರು ಮುರಿದಿದ್ದವು, ಉಗುರಿನ ಸಂದಿಯಲ್ಲಿ ಪಾಚಿ, ಕಲ್ಲಿನ ಪುಡಿ. ಕೆಳಗೆ ಇನ್ನೊಂದು ಸಾಲು: ಬೆನ್ನು, ಹೊಟ್ಟೆ ಮತ್ತು ಬೆರಳ ತುದಿಗಳಲ್ಲಿ ಬಣ್ಣ ಕಳೆದುಕೊಂಡ ಬಿಳಿ ಮಚ್ಚೆಗಳು.

ಶೈಲಾ ಮುದಕಪ್ಪನಿಗೆ ಫೋನ್ ಮಾಡಿದಳು. "ನಿಮ್ಮ ಮಗಳಿಗೆ ಏನಾರ ಜಡ್ಡು ಇತ್ತೇನ್ರಿ?"

"ಇಲ್ರಿ ಯವ್ವಾ. ಗಟ್ಟಿಮುಟ್ಟ ಇದ್ಲು."

ಶೈಲಾ ವರದಿಯ ಆ ಸಾಲಿನ ಕೆಳಗೆ ಗೆರೆ ಎಳೆದಳು.

ವೀರೇಶನ ಮನೆ ಒಪ್ಪವಾಗಿತ್ತು, ವೀರೇಶನೂ ಒಪ್ಪವಾಗಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಿದ್ದಿದ ಮೀಸೆ. ಚಹಾ ತರಿಸಿದ. ತಾನು ಕುಡಿಯುವ ಮುಂಚೆ ಬಟ್ಟಲಿನ ಅಂಚನ್ನು ಕರವಸ್ತ್ರದಿಂದ ಎರಡು ಸಲ ಒರೆಸಿದ.

"ನಿಮ್ಮ ಹೆಂಡ್ತಿ ಬೀಳೂದನ್ನ ನೀವು ನೋಡಿದ್ರಿ?"

"ನೋಡಿದ್ನಿ. ಎದಿ ಒಡದಂಗಾತು."

"ನೀರಿಗೆ ಜಿಗೀಲಿಲ್ಲ?"

"ಈಜು ಬರಂಗಿಲ್ರಿ ನನಗ."

"ಸೀರಿ?"

"ಅಲಿ ಒಯ್ತು."

"ನಿಮ್ಮ ಮಾವ ಒಂದು ಸೀರಿ ತಂದು ಕೊಟ್ಟಾರ."

ವೀರೇಶ ಒಂದು ಗುಟುಕು ಚಹಾ ಕುಡಿದ. "ನಮ್ಮದು ಸೀರಿ ಅಂಗಡಿ ಮೇಡಂ. ಒಂದ ನಮೂನಿದು ನಾಕ್ನಾಕು ಇರ್ತಾವು."

ತಾಯಿ ಕಸ್ತೂರೆವ್ವ ಬಾಗಿಲಲ್ಲಿ ನಿಂತಿದ್ದಳು. ತಾನಾಗಿಯೇ ಬಾಯಿ ಹಾಕಿದಳು. "ಅಮಾಸಿ ದಿನ ಹೋಗಬ್ಯಾಡ್ರೋ ಅಂತ ಬಡಕೊಂಡ್ನಿ. ಹಿಂದಿನ ಭಾನುವಾರ ಹೋಗ್ರಿ ಅಂದ್ನಿ. ನನ್ನ ಮಾತು ಯಾರು ಕೇಳ್ತಾರ?"

ಮಗ ತಾಯಿಯತ್ತ ನೋಡಿದ. ಆಕೆ ಬಾಗಿಲಿನಿಂದ ಹಿಂದೆ ಸರಿದಳು.

ಸೊಸೆ ಮಲಗುತ್ತಿದ್ದ ಜಾಗ ತೋರಿಸಲು ಶೈಲಾ ಹೇಳಿದಾಗ ಕಸ್ತೂರೆವ್ವ ಹಿತ್ತಲಿನ ಹಳೆಯ ಮಗ್ಗದ ಕೋಣೆಗೆ ಕರೆದೊಯ್ದಳು. ಒಂದು ವರ್ಷದಿಂದ ಅಲ್ಲಿಯೇ ಮಲಗುತ್ತಿದ್ದಳಂತೆ.

"ಯಾಕ ಇಲ್ಲೆ?"

"ಅಕಿಗೆ ಗಾಳಿ ಬೇಕಾಗಿತ್ರಿ."

ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ನೆಲಕ್ಕೆ ಎಷ್ಟು ಫಿನೈಲ್ ಸುರಿದಿದ್ದರೆಂದರೆ ಶೈಲಾಳ ಕಣ್ಣು ಉರಿಯತೊಡಗಿದವು. ಸತ್ತವರ ನೆನಪಿಗೆ ಮನೆಯವರು ಅಳುವುದನ್ನು ಕಂಡಿದ್ದಳು, ಅಳದೆ ಇರುವುದನ್ನೂ ಕಂಡಿದ್ದಳು. ಹೀಗೆ ಉಜ್ಜಿ ತೊಳೆದದ್ದನ್ನು ಕಂಡಿರಲಿಲ್ಲ. ಹೊರಗೆ ಬಂದವಳೇ ಓಣಿಯ ಮೂಲೆಯಲ್ಲಿ ಉಗುಳಿದಳು. ಕುಡಿದ ಚಹಾ ಬಾಯಲ್ಲಿ ಕಹಿಯಾಗಿ ನಿಂತಿತ್ತು.

ಪಕ್ಕದ ಮನೆಯ ಫಿಜಾ ಮದುವೆ ಮನೆಗಳಿಗೆ ಹೋಗಿ ಮದರಂಗಿ ಹಾಕುವವಳು. ಪೊಲೀಸರನ್ನು ಕಂಡು ಮೊದಲು ಏನೂ ಗೊತ್ತಿಲ್ಲವೆಂದಳು. ಶೈಲಾ ಫೋಟೊದಲ್ಲಿದ್ದ ಕೈಗಳನ್ನು ತೋರಿಸಿ, "ಇದು ನೀ ಹಚ್ಚಿದ ಮದರಂಗಿ ಏನವಾ?" ಎಂದು ಕೇಳಿದಾಗ ಅವಳು ಫೋಟೊವನ್ನು ಹತ್ತಿರಕ್ಕೆ ಹಿಡಿದು ನೋಡಿದಳು.

"ಹೌದ್ರಿ. ವಾರಾ ವಾರಾ ಹಚ್ಚತಿದ್ನಿ. ಬೆರಳಿನ ಮಚ್ಚಿ ಕಾಣಬಾರ್ದಂತ. ತವರಮನಿಯವ್ರಿಗೂ ಗೊತ್ತಿರಲಿಲ್ಲ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ಲು."

"ಗಂಡಗ ಗೊತ್ತಿತ್ತು?"

"ಅಂವಗ ಗೊತ್ತಾದ ಮ್ಯಾಲೆ ಅಲ್ಲೇನ್ರಿ ಅಕಿನ್ನ ಹಿತ್ತಲಕ್ಕ ಹಾಕಿದ್ದು. ವರ್ಷಾತು ಅಕಿ ಕೂಡ ಮಾತಿಲ್ಲ, ಕತಿ ಇಲ್ಲ. ಆಮ್ಯಾಗ ಪ್ರವಾಸಕ್ಕ ಒಂದು ವಾರ ಮೊದಲ ಒಮ್ಮಿಂದೊಮ್ಮೆ ಛಲೋ ಮಾತಾಡಾಕ ಹತ್ತಿದ. ರಂಜನಿ ಓಡಿ ಬಂದು ನನಗ ಹೇಳಿದ್ಲು. ಕಂಬಗಲ್ಲಿನ ಗವ್ಯಾಗ ಒಂದು ಹೊಂಡ ಐತಂತ. ಆ ಕಲ್ಲು ಬೆಂಕಿಯೊಳಗಿಂದ ಹುಟ್ಟಿದ್ದಂತ. ಅಮಾಸಿ ದಿನ ಅದರಾಗ ಕುಂತು, ಕುತ್ತಿಗಿ ಮಟಾ ನೀರು ಬರೂತನಕ ಏಳಲಾರ್ದ ಇದ್ರ ಮಚ್ಚಿ ಹೋಗತಾವಂತ."

"ಯಾರು ಹೇಳಿದ್ದು?"

"ಅಂವನ ಹೇಳ್ಯಾನ್ರಿ."

ಫಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀರಂದ್ರ ಹೆದರತಿದ್ಲು ಅಕಿ. ಆದರೂ ಏನಂದ್ಲು ಗೊತ್ತೇನ್ರಿ? ಮಚ್ಚಿ ಹೋಗದಿದ್ರೂ ಚಿಂತಿಲ್ಲ ಫಿಜಾ, ಅವರು ನನ್ನ ಜೋಡಿ ಬರ್ತೀನಿ ಅಂದ್ರಲ್ಲ, ಅಷ್ಟ ಸಾಕು ಅಂದ್ಲು."

ಹುಲಿಗೇಶ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ಒಂದು ಬೈಗುಳವನ್ನು ಹಲ್ಲಿನಲ್ಲೇ ಕಚ್ಚಿ ಹಿಡಿದ.

ಫೆಬ್ರವರಿ ಹದಿನೇಳು, ಮಂಗಳವಾರ, ಮುಂದಿನ ಅಮಾವಾಸ್ಯೆ. ಶಿವರಂಜನಿ ಸತ್ತ ದಿನ ಕಡಲು ಹೇಗಿತ್ತೋ ಅಂದೂ ಹಾಗೇ ಇರುತ್ತದೆ ಎಂದು ಕರಾವಳಿಯ ಸಬ್ ಇನ್ಸ್‌ಪೆಕ್ಟರ್ ಹೇಳಿದ್ದರಿಂದ ಶೈಲಾ ಆ ದಿನವನ್ನೇ ಗೊತ್ತು ಮಾಡಿಕೊಂಡು ಹುಲಿಗೇಶನೊಂದಿಗೆ ಹೋದಳು. ಅವಳು ಹುಟ್ಟಿ ಬೆಳೆದದ್ದು ಶಿರಹಟ್ಟಿಯಲ್ಲಿ. ಅವಳಿಗೆ ನೀರೆಂದರೆ ಮುಂಡರಗಿ ಕಡೆಯ ತುಂಗಭದ್ರೆ. ದೋಣಿ ಕುಲುಕಿದಾಗಲೆಲ್ಲ ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡು ಕುಳಿತಳು.

ದ್ವೀಪ ಚೆಂದವಿತ್ತು. ಅದನ್ನು ಅಲ್ಲಗಳೆಯುವಂತಿರಲಿಲ್ಲ. ಆರು ಮೂಲೆಯ ಕರಿಕಲ್ಲಿನ ಕಂಬಗಳು ಕಟ್ಟಿಗೆಯ ಹೊರೆಯಂತೆ ಒತ್ತೊತ್ತಾಗಿ ನಿಂತಿದ್ದವು. ಜನ ಅವುಗಳ ಮೇಲೆ ಹತ್ತಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಹಿಂಬದಿಗೆ ಹೋದಂತೆ ಕೊಳೆತ ಪಾಚಿಯ ವಾಸನೆ ಬಂತು. ಗವಿಯ ಬಾಯಿ ತಗ್ಗಿನಲ್ಲಿತ್ತು, ಬಗ್ಗಿಯೇ ನುಗ್ಗಬೇಕು. ಒಳಗೆ ಹೋದರೆ ನೆಲ ಏರುತ್ತಿತ್ತು. ಏರಿನ ತುದಿಗೆ ಆ ಹೊಂಡ, ಒಂದು ಸಣ್ಣ ಕೋಣೆಯಷ್ಟು ಅಗಲ. ಮೇಲಿನ ಬಿರುಕಿನಿಂದ ಬಿದ್ದ ಬಿಸಿಲಿಗೆ ನೀರು ಹಸಿರು ಗಾಜಿನಂತೆ ಹೊಳೆಯುತ್ತಿತ್ತು. ಕಲ್ಲಿಗೆ ಅಂಟಿದ ಚಿಪ್ಪುಗಳು, ಅಡ್ಡಡ್ಡ ಓಡುವ ಏಡಿಗಳು, ಮುಟ್ಟಿದರೆ ಮುದುಡಿಕೊಳ್ಳುವ ಹೂವಿನಂಥ ಜೀವಿಗಳು. ಅಂಚಿಗೆ ಯಾರೋ ಎಸೆದ ಕುರುಕಲಿನ ಪೊಟ್ಟಣ, ಬಿಯರ್ ಬಾಟಲಿ, ಮಗುವಿನ ಹೊಲಸು ಲಂಗೋಟಿ.

"ಇಲ್ಲೇ ಸಿಕ್ಕಿದ್ದು ಮೇಡಂ," ದೋಣಿ ನಡೆಸುವ ತಾಂಡೇಲ ತೋರಿಸಿದ. ಹೆಣವನ್ನು ಹೊರಗೆ ತಂದವನು ಅವನೇ.

"ಇಷ್ಟ ನೀರಾಗ ಮುಳುಗತಾರೇನ್ರಿ?" ಹುಲಿಗೇಶ ಕೇಳಿದ. ನೀರು ಸೊಂಟದವರೆಗೂ ಇರಲಿಲ್ಲ.

"ಇದನ್ನು ನೋಡಬೇಡಿ ಮಾರಾಯ್ರೆ. ಹಿಂದೆ ನೋಡಿ."

ಶೈಲಾ ತಿರುಗಿ ನೋಡಿದಳು. ಬರುವಾಗ ಒಣಗಿದ್ದ ಗವಿಯ ಬಾಯಿಯಲ್ಲಿ ಮೊಣಕಾಲುದ್ದ ನೀರು ನುಗ್ಗಿತ್ತು. ಹೊಂಡ ಮಾತ್ರ ತಣ್ಣಗೆ, ಇದ್ದ ಹಾಗೇ ಇತ್ತು.

"ಭರತದ ನೀರು ಏರಿ ಬರುವಾಗ ಮೊದಲು ಮುಚ್ಚುದು ಬಾಗಿಲು," ತಾಂಡೇಲ ಹೇಳಿದ. "ಹೊಂಡದಲ್ಲಿ ಕೂತವರಿಗೆ ಅದು ಗೊತ್ತೇ ಆಗುದಿಲ್ಲ. ಹೊಂಡದ ನೀರು ಏರಿತು ಅನ್ನುವಾಗ ಬಾಗಿಲು ಹೋಗಿ ಆಗಿರ್ತದೆ. ಅಮಾಸೆ ದಿನ ಬೆಳಿಗ್ಗೆ ಹತ್ತೂವರೆ ನಂತರ ನಾವು ಯಾರನ್ನೂ ಒಳಗೆ ಬಿಡುದಿಲ್ಲ. ಎಲ್ಲ ಪ್ರಯಾಣಿಕರಿಗೂ ಹೇಳ್ತೇವೆ."

"ವೀರೇಶನಿಗೂ ಹೇಳಿದ್ರಾ?"

"ಅವರಿಗಾ? ಅವರೇ ನನ್ನ ಹತ್ರ ಕೇಳಿದ್ದು. ಡಿಸೆಂಬರಿನಲ್ಲಿ ಒಬ್ರೇ ಬಂದಿದ್ರು. ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಯಾವ ದಿನ ನೀರು ಜಾಸ್ತಿ ಅಂತ ಕೇಳಿದ್ರು. ಹೊರಗೆ ಕೂತು ಪೂರಾ ನೋಡಿಕೊಂಡು ಹೋದ್ರು. ಪಾಪ, ಎಷ್ಟು ಆಸಕ್ತಿ ಅಂತ ನಾನು ಗ್ರಹಿಸಿದ್ದೆ."

"ಅವತ್ತು ನೀವು ಮರಳಿ ಹೊರಡೋ ಹೊತ್ತಿಗೆ ಅವನು ಎಲ್ಲಿದ್ದ?"

ತಾಂಡೇಲ ಮುಖ ಸಿಂಡರಿಸಿದ. "ದೋಣಿ ಹತ್ರ ಕೂತು ಅನಾನಸು ತಿಂತಿದ್ರು. ಹೆಂಗಸು ಎಲ್ಲಿ ಅಂತ ಕೇಳಿದ್ರೆ, ಬಟ್ಟೆ ಬದಲಿಸ್ಲಿಕ್ಕೆ ಹೋಗಿದ್ದಾಳೆ ಅಂದ್ರು. ಎಲ್ಲರೂ ಹತ್ತಿ ಆದ ಮೇಲೆ ಎದ್ದು ಬೊಬ್ಬೆ ಹಾಕಿದ್ರು."

ಅವರು ಹೊರಬರುವಾಗ ನೀರು ತೊಡೆ ಮುಟ್ಟಿತ್ತು. ಒಂದು ಅಲೆ ಹಿಂದಕ್ಕೆ ಸೆಳೆದಾಗ ಶೈಲಾ ಗೋಡೆ ಹಿಡಿಯಲು ಹೋದಳು. ಪಾಚಿಗೆ ಕೈ ಜಾರಿ ಉಗುರು ಕಲ್ಲಿಗೆ ಗೀರಿತು. ಹುಲಿಗೇಶ ಅವಳ ತೋಳು ಹಿಡಿದು ಎಳೆದುಕೊಂಡ. ಬಿಸಿಲಿಗೆ ಬಂದು ಕಲ್ಲಿನ ಮೇಲೆ ಕುಳಿತು ಅವಳು ಬೂಟಿನೊಳಗಿನ ನೀರು ಸುರಿದಳು. ಅನಾನಸು ಮಾರುವವ ಬಂದು ತಟ್ಟೆ ಚಾಚಿದ. ಅವಳು ಮುಖ ತಿರುಗಿಸಿಕೊಂಡಳು.

ಸೀರೆ, ಫಿಜಾಳ ಹೇಳಿಕೆ, ತಾಂಡೇಲನ ಹೇಳಿಕೆ. ಮೂರೂ ಗಟ್ಟಿ, ಆದರೆ ಬಾಗಿಲು ಮುಚ್ಚುವ ಹೊತ್ತಿನಲ್ಲಿ ವೀರೇಶ ಅಲ್ಲಿ ನಿಂತಿದ್ದನೆಂದು ಹೇಳುವ ಸಾಕ್ಷಿ ಬೇಕಿತ್ತು. ಬೆಟಗೇರಿಗೆ ಮರಳಿ, ಟೆಂಪೊದಲ್ಲಿ ಹೋಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿದರು. ಯಾರೂ ಏನೂ ನೋಡಿರಲಿಲ್ಲ. ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಹಾಗಾದರೆ ಮೊಬೈಲುಗಳನ್ನೇ ನೋಡೋಣ ಎಂದಳು ಶೈಲಾ.

ಸ್ನೇಹಾ ಎಂಬಾಕೆ ಅದೇ ಓಣಿಯವಳು, ಸೊಸೈಟಿಯಲ್ಲಿ ಗುಮಾಸ್ತೆ. ಗವಿಯ ಹತ್ತಿರದ ಕಂಬದ ಮೇಲೆ ಕುಳಿತು ಒಂದು ವಿಡಿಯೊ ಮಾಡಿ, ಹಾಡು ಕೂಡಿಸಿ, ಎಲ್ಲರಿಗೂ ಕಾಣುವಂತೆ ಹಾಕಿದ್ದಳು. ಮೂಲ ವಿಡಿಯೊ ಫೋನಿನಲ್ಲೇ ಇತ್ತು. ಹುಲಿಗೇಶ ಅದನ್ನು ಹಾಕಿ ದನಿ ಏರಿಸಿದ.

ಮುಂದೆ ಸ್ನೇಹಾ ಕೂದಲು ಸರಿಮಾಡಿಕೊಳ್ಳುತ್ತ ನಗುತ್ತಿದ್ದಾಳೆ. ಅವಳ ಹೆಗಲಾಚೆ ಗವಿಯ ಬಾಯಿ, ಅಲ್ಲಿ ಸೊಂಟದೆತ್ತರದ ನೀರು. ಪಕ್ಕದ ಬಂಡೆಯ ಮೇಲೆ, ಹೆಗಲಿಗೆ ಚೀಲ ಹಾಕಿಕೊಂಡ ವೀರೇಶ. ಚೀಲದ ಬಾಯಿಯಿಂದ ಹಸಿರು ಬಟ್ಟೆಯ ಒಂದು ತುದಿ ಹೊರಬಿದ್ದಿದೆ. ಅಲೆಯ ಸದ್ದಿನ ನಡುವೆ ಒಂದು ಹೆಣ್ಣುದನಿ.

"ರೀ... ಏನ್ರೀ... ಬಾಗಿಲಾ ಕಾಣವಲ್ದರೀ... ಕೇಳಾಕತ್ತೈತೇನ್ರೀ..."

ವೀರೇಶ ಬಗ್ಗಿ ಒಳಗೆ ನೋಡುತ್ತಾನೆ. ನೆಟ್ಟಗಾಗಿ ಅತ್ತಿತ್ತ ನೋಡುತ್ತಾನೆ. ಬಟ್ಟೆಯ ತುದಿಯನ್ನು ಚೀಲದೊಳಗೆ ತುರುಕಿ, ಪ್ಯಾಂಟು ಒದ್ದೆಯಾಗದ ಹಾಗೆ ಎತ್ತಿ ಹಿಡಿದುಕೊಂಡು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹೊರಟುಹೋಗುತ್ತಾನೆ. ಹೆಣ್ಣುದನಿ ಇನ್ನೂ ಕೂಗುತ್ತಲೇ ಇದೆ.

"ಗವ್ಯಾಗ ಹೋದವ್ರೆಲ್ಲಾ ಕೂಗತಿದ್ರು ಮೇಡಂ, ದನಿ ತಿರುಗಿ ಬರ್ತೈತಂತ," ಸ್ನೇಹಾ ತೊದಲಿದಳು. "ನಾ ಹಂಗ ಅಂತ... ನಾ ಇದರ ಮ್ಯಾಲೆ ಹಾಡು ಹಾಕೀನ್ರಿ." ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. 

ಫೋನನ್ನು ಪಂಚನಾಮೆ ಮಾಡಿ ಜಪ್ತು ಮಾಡಿದರು, ಪ್ರಯೋಗಾಲಯಕ್ಕೆ ಕಳಿಸಿದರು. ಕೊಲೆ, ಸಾಕ್ಷ್ಯನಾಶ, ಸುಳ್ಳು ಮಾಹಿತಿಯ ಕಲಮುಗಳು ಸೇರಿದವು.

ಫೆಬ್ರವರಿ ಇಪ್ಪತ್ತೆರಡು, ಭಾನುವಾರ. ವೀರೇಶ ಮನೆಯಲ್ಲಿರಲಿಲ್ಲ. ತಾಯಿಯೊಂದಿಗೆ ಮುಂಡರಗಿಗೆ ಹೋಗಿದ್ದಾನೆಂದು ಹುಲಿಗೇಶ ಖಬರ ತಂದ.

"ಯಾಕಂತ?"

"ಕನ್ಯಾ ನೋಡಾಕರಿ."

ಮುಂಡರಗಿಯ ಆ ಮನೆಯ ಬಾಗಿಲು ತೆರೆದೇ ಇತ್ತು. ಪಡಸಾಲೆಯ ಚಾಪೆಯ ಮೇಲೆ ಒಬ್ಬ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಎದುರಿಗೆ ವೀರೇಶ ಉಪ್ಪಿಟ್ಟು ತಿನ್ನುತ್ತಿದ್ದ. ಕಸ್ತೂರೆವ್ವ ಹುಡುಗಿಯ ಕೈ ಹಿಡಿದು, ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸಂತೆಯಲ್ಲಿ ಬದನೆಕಾಯಿ ಹೊರಳಿಸುವಂತೆ ಅಂಗೈ ಮುಂಗೈ ತಿರುವಿ ನೋಡುತ್ತಿದ್ದಳು.

"ಪಾದಾ ತೋರ್ಸವಾ. ಬೆನ್ನ ಮ್ಯಾಲಿನ ಸೆರಗ ಸ್ವಲ್ಪ ಸರಸು."

"ಕೈ ಬಿಡು ಅಕಿದು," ಎಂದಳು ಶೈಲಾ ಬಾಗಿಲಿನಿಂದ.

ದಸ್ತಗಿರಿಯ ಕಾರಣಗಳನ್ನು ಅವಳು ಎಲ್ಲರಿಗೂ ಕೇಳುವಂತೆ ಓದಿದಳು. ಹೆಂಡತಿಯ ಕೊಲೆ ಎಂಬ ಮಾತಿಗೆ ಹುಡುಗಿಯ ತಂದೆ ಗೋಡೆ ಹಿಡಿದುಕೊಂಡ. ಕಸ್ತೂರೆವ್ವ ಎದೆ ಬಡಿದುಕೊಂಡು ಮಗನ ಹೆಸರು ಕೂಗತೊಡಗಿದಳು. ಹುಡುಗಿ ಬಳೆಗಳನ್ನು ಕೆಳಗಿಳಿಸಿಕೊಂಡು ಎದ್ದು, ವೀರೇಶನ ಮುಂದಿದ್ದ ಉಪ್ಪಿಟ್ಟಿನ ತಾಟನ್ನು ಎತ್ತಿಕೊಂಡು ಒಳಗೆ ಹೋದಳು.

ಠಾಣೆಯಲ್ಲಿ ಕರಾವಳಿಯ ಸಬ್ ಇನ್ಸ್‌ಪೆಕ್ಟರ್ ಎದುರಿಗೇ ವಿಚಾರಣೆ ನಡೆಯಿತು. ವಿಡಿಯೊ ಹಾಕಿದಾಗ ವೀರೇಶ ಅಳಲಿಲ್ಲ, ನಿರಾಕರಿಸಲೂ ಇಲ್ಲ. "ಸೌಂಡ್ ಬಂದ್ ಮಾಡ್ರಿ," ಎಂದಷ್ಟೇ ಹೇಳಿದ. ಹುಲಿಗೇಶ ಬಂದ್ ಮಾಡಲಿಲ್ಲ.

"ಸೀರಿ ನಿನ್ನ ಚೀಲದಾಗ ಹೆಂಗ ಬಂತು?"

"ತೋಯಬಾರದಂತ ಬಿಚ್ಚಿ ಕೈಯಾಗ ಕೊಟ್ಲು. ಮಂದಿ ಇದ್ರು, ಒಗ್ಯಾಕ ಆಗಲಿಲ್ಲ. ಮನಿಗೆ ಬಂದ ಮ್ಯಾಲೆ ಆ ಚೀಲಾ ನಾ ಮುಟ್ಟಲಿಲ್ಲ. ಅವ್ವ ಅದನ್ನೂ ಕೂಡಿಸಿ ಕಳಿಸಿರಬೇಕು."

"ಯಾಕ ಮಾಡಿದಿ?"

ವೀರೇಶ ಅಂಗಿಯ ತೋಳಿನ ಮಡಿಕೆ ಸರಿ ಮಾಡಿಕೊಂಡ. "ಮೊದಲ ಬೆನ್ನ ಮ್ಯಾಲೆ ಒಂದ ಇತ್ರಿ. ಆಮ್ಯಾಗ ಬೆರಳಿಗೆ ಬಂತು. ಆ ಕೈಲೆ ರೊಟ್ಟಿ ಬಡಿಯೋದು ನೋಡಿದ್ರ ಹೊಟ್ಟಿ ತೊಳಸತಿತ್ತು."

"ದವಾಖಾನಿಗೆ ತೋರಿಸಿದ್ದೇನು?"

"ಹುಬ್ಬಳ್ಯಾಗ ತೋರಿಸಿದ್ನಿ. ಇದು ಅಂಟೂ ರೋಗ ಅಲ್ಲ ಅಂದ್ರು."

"ಮತ್ತ?"

"ಡಾಕ್ಟರೇನ ಅಕಿ ಕೂಡ ಬಾಳೇವು ಮಾಡತಾನ್ರಿ?"

ಶೈಲಾ ಮೇಜಿನ ಅಂಚು ಹಿಡಿದಳು. "ಬಿಟ್ಟು ಬಿಡಬೇಕಾಗಿತ್ತು."

"ಬಿಟ್ರ ಯಾಕ ಬಿಟ್ಟಿ ಅಂತ ಮಂದಿ ಕೇಳ್ತಾರ. ತೊನ್ನಿನ ಮನಿ ಅಂತ ಹೆಸರ ಬೀಳತೈತಿ. ಹೆಂಡ್ತಿ ಸತ್ತಾಂವಗ ಯಾರೂ ಏನೂ ಕೇಳಂಗಿಲ್ರಿ. ಪಾಪ ಅಂತಾರ."

"ಅಕಿ ಕೂಗಿದಾಗ ಇನ್ನೂ ಟೈಮ್ ಇತ್ತು. ಒಂದು ಕೈ ಕೊಟ್ಟಿದ್ರ ಹೊರಗ ಬರತಿದ್ಲು."

"ಕೈ ಚಾಚಿದ್ಲು," ಎಂದ ವೀರೇಶ. ಮೊದಲ ಸಲ ಅವನ ಮುಖದಲ್ಲಿ ಏನೋ ಅಲುಗಿತು. ಅದು ಪಶ್ಚಾತ್ತಾಪವಲ್ಲ, ಅಸಹ್ಯ. "ಕಲ್ಲು ಕೆರದು ಕೆರದು ಬೆರಳಿನ ಮದರಂಗಿ ಎಲ್ಲಾ ಹೋಗಿತ್ರಿ. ಬೆರಳ ಬೆಳ್ಳಗ ಕಾಣತಿದ್ವು. ಹಿಡಿಯಾಕ ಆಗಲಿಲ್ಲ."

ಪೊಲೀಸರ ಮುಂದೆ ಹೇಳಿದ ಈ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂದು ಶೈಲಾಳಿಗೆ ಗೊತ್ತಿತ್ತು. ನಿಲ್ಲುವಂಥದ್ದು ಬೇಕಾದಷ್ಟು ಕೂಡಿತ್ತು. ಅವಳು ಎದ್ದು ಹಿಂಬದಿಯ ನಲ್ಲಿಗೆ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡಳು. ಕಳ್ಳರು, ಕುಡುಕರು, ಕತ್ತಿ ಹಿಡಿದವರು ಎದುರಿಗೆ ಕುಳಿತ ಕುರ್ಚಿ ಅದು. ಯಾರ ಮೇಲೂ ಅವಳಿಗೆ ಇಷ್ಟು ಹೇಸಿಗೆ ಹುಟ್ಟಿರಲಿಲ್ಲ.

ಮರುದಿನ ನ್ಯಾಯಾಲಯದ ಆದೇಶ ಪಡೆದು ಆರೋಪಿಯನ್ನು ಕರಾವಳಿಯ ಪೊಲೀಸರಿಗೆ ಒಪ್ಪಿಸಲಾಯಿತು. ಮುದಕಪ್ಪ ಮಧ್ಯಾಹ್ನ ಠಾಣೆಗೆ ಬಂದ. ದೋಷಾರೋಪ ಪಟ್ಟಿಯಲ್ಲಿ ಎಲ್ಲವೂ ಬರುತ್ತದೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳುವುದು ಮೇಲು ಎಂದು ಶೈಲಾ ಮಚ್ಚೆಯ ವಿಷಯ ತಿಳಿಸಿದಳು. ಮಗಳು ಚಾಚಿದ ಕೈಯ ವಿಷಯ ಮಾತ್ರ ಬಾಯಿಂದ ಹೊರಡಲಿಲ್ಲ.

ಮುದಕಪ್ಪ ತನ್ನ ಅಂಗೈ ನೋಡಿಕೊಳ್ಳುತ್ತ ಕುಳಿತ.

"ದೀಪಾವಳಿಗೆ ಬಂದಿದ್ಲು. ಊಟಕ್ಕ ಸುದ್ದಾ ಚಮಚೇಲೆ ಉಂಡ್ಲು. ಕೈಯಾಗ ಮದರಂಗಿ ಐತಿ ಅಪ್ಪಾ ಅಂದ್ಲು. ನಾ ನಕ್ಕಿದ್ನಿ. ನನಗ್ಯಾಕ ಹೇಳಲಿಲ್ಲ ಯವ್ವಾ ಅಕಿ?"

"ನೀವು ನೊಂದ್ಕೋತೀರಿ ಅಂತ ಇರಬೇಕ್ರಿ."

ಅವನು ತಲೆ ಅಲ್ಲಾಡಿಸಿದ.

"ಅಲ್ಲ. ಇವರೆಲ್ಲಾ ಹೇಸಿದ್ರಲ್ಲ, ಅಪ್ಪನೂ ಹೇಸತಾನ ಅಂತ ತಿಳದಾಳ."

ಶೈಲಾ ಕುರ್ಚಿ ಬಿಟ್ಟು ಎದ್ದು ಬಂದು ಅವನ ಪಕ್ಕದ ಬೆಂಚಿನ ಮೇಲೆ ಕುಳಿತಳು. ಹೊರಗೆ ಹುಲಿಗೇಶ ಯಾರಿಗೋ, ಮೇಡಂ ಕೆಲಸದಲ್ಲಿದ್ದಾರೆ, ಸ್ವಲ್ಪ ತಡೆಯಿರಿ ಎಂದು ಹೇಳುತ್ತಿದ್ದ.